ಮರುಭೂಮಿಯ ಹಿತ್ತಿಲಿಗೆ ಬೇರೆಯೇ ಪಂಚಾಂಗ

ಒಂದು ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಅಮೆರಿಕದ ಅರಿಜೋನಾ ರಾಜ್ಯದ ಈ ಫೀನಿಕ್ಸ್‌ನಲ್ಲಿ ಹಿತ್ತಿಲ ತೋಟ ಮಾಡುವ ಕನ್ನಡಿಗರು ಇಲ್ಲಿ ಕೂತಿದ್ದೀರಿ. ನಿಮ್ಮಲ್ಲಿ ಎಷ್ಟು ಜನ ಈ ವರ್ಷ ಯುಗಾದಿ ಕಳೆದ ಮೇಲೆ, ಏಪ್ರಿಲ್‌ನಲ್ಲಿ ಹಿತ್ತಿಲಲ್ಲಿ ಬೀಜ ಹಾಕಿದಿರಿ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ ಕೈಗಳಿವೆ. ಈಗ, ಆ ಗಿಡವನ್ನು ಜೂನ್ ಕೊನೆಯವರೆಗೂ ಉಳಿಸಿಕೊಂಡಿದ್ದವರು ಮಾತ್ರ ಕೈ ಹಾಗೇ ಇಟ್ಟುಕೊಳ್ಳಿ, ಉಳಿದವರು ಇಳಿಸಿ.

ನೋಡಿ, ನಾಲ್ಕೈದು ಕೈಗಳು ಉಳಿದವು ಅಷ್ಟೇ. ಕೈ ಇಳಿಸಿದವರು ಬೇಜಾರು ಮಾಡಿಕೊಳ್ಳಬೇಡಿ. ನೀವು ನೀರು ಹಾಕಿದ್ದೀರಿ, ಗೊಬ್ಬರ ಹಾಕಿದ್ದೀರಿ, ಬೆಳಗ್ಗೆ ಎದ್ದು ನೋಡಿಕೊಂಡಿದ್ದೀರಿ. ಕೆಲಸದಲ್ಲಿ ಕೊರತೆ ಇರಲಿಲ್ಲ, ತಿಂಗಳು ಸರಿಯಿರಲಿಲ್ಲ. ಬೀಜದ ಪೊಟ್ಟಣದ ಹಿಂದೆ ‘ವಸಂತದಲ್ಲಿ, ಹಿಮ ಬೀಳುವುದು ನಿಂತ ಮೇಲೆ ಬಿತ್ತಿ’ ಎಂದು ಬರೆದಿರುತ್ತದೆ. ಓಹಾಯೊದಲ್ಲಿ ಇರುವವರಿಗೆ ಅದು ಸರಿ. ಊರಿನಲ್ಲಿ ಅಮ್ಮ ಮುಂಗಾರು ನೋಡಿಕೊಂಡು ಬಿತ್ತುತ್ತಾರೆ. ಹಾಸನಕ್ಕೋ ಹಾವೇರಿಗೋ ಅದು ಸರಿ. ಫೀನಿಕ್ಸ್‌ಗೆ ಎರಡೂ ಆಗುವುದಿಲ್ಲ. ಇಲ್ಲಿ ಯಾವ ಗಿಡ ಅನ್ನುವುದಕ್ಕಿಂತ ಯಾವ ತಿಂಗಳು ಅನ್ನುವುದು ಮುಖ್ಯ. ಇವತ್ತು ನಾನು ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ. ಉಳಿದ ಕಾಲು ಭಾಗ ನೀರಿನ ಬಗ್ಗೆ.

ನಾವು ಎಂಥ ಜಾಗದಲ್ಲಿ ಇದ್ದೇವೆ ಅನ್ನುವುದನ್ನು ಮೊದಲು ನೋಡೋಣ. ಇದು ಸೊನೊರಾ ಮರುಭೂಮಿ. ಫೀನಿಕ್ಸ್‌ನಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 180 ಮಿಲಿಮೀಟರ್ ಆಸುಪಾಸು. ನಮ್ಮ ಚಳ್ಳಕೆರೆ ಕಡೆ ಬರ ಬರ ಅಂತೀವಲ್ಲ, ಅಲ್ಲೂ ಸಾಮಾನ್ಯ ವರ್ಷದಲ್ಲಿ ಇದರ ಎರಡು ಪಟ್ಟಿಗಿಂತ ಜಾಸ್ತಿ ಬೀಳುತ್ತದೆ. ಇಲ್ಲಿಯ ಬಿಸಿಲು ಮತ್ತು ಒಣಗಾಳಿ ಒಂದು ಹಸಿರು ಹಾಸಿನಿಂದ ವರ್ಷಕ್ಕೆ ಹೀರಿಕೊಳ್ಳುವ ನೀರು ಆ ಮಳೆಯ ಹತ್ತು ಪಟ್ಟಿನಷ್ಟು. 1990ರ ಜೂನ್ 26ರಂದು ಇಲ್ಲಿ 122 ಡಿಗ್ರಿ ಫ್ಯಾರನ್‌ಹೀಟ್ ದಾಖಲಾಗಿತ್ತು, ಅಂದರೆ 50 ಸೆಲ್ಸಿಯಸ್. 2023ರಲ್ಲಿ 31 ದಿನ ಒಂದೇ ಸಮನೆ 110 ಡಿಗ್ರಿ ಅಥವಾ ಅದಕ್ಕಿಂತ ಜಾಸ್ತಿ, ಅಂದರೆ 43 ಸೆಲ್ಸಿಯಸ್‌ನ ಮೇಲೆ. 2024ರಲ್ಲಿ 113 ದಿನ ಬಿಡುವಿಲ್ಲದೆ ನೂರು ಫ್ಯಾರನ್‌ಹೀಟ್ ಅಥವಾ ಅದರ ಮೇಲೆ. ಆ ಎರಡು ಬೇಸಿಗೆ ನಿಮಗೆಲ್ಲ ನೆನಪಿದೆ. ಹಗಲಿನ ಬಿಸಿಗಿಂತ ರಾತ್ರಿಯ ಬಿಸಿ ಗಿಡಕ್ಕೆ ಕಷ್ಟ. ಊರಿನ ಕಡು ಬೇಸಿಗೆಯಲ್ಲೂ ರಾತ್ರಿ ಸ್ವಲ್ಪ ತಂಪಾಗುತ್ತದೆ, ಗಿಡ ಸುಧಾರಿಸಿಕೊಳ್ಳುತ್ತದೆ. ಇಲ್ಲಿ ಕಾಂಕ್ರೀಟು, ಟಾರು, ಕಾಂಪೌಂಡ್ ಗೋಡೆ ಎಲ್ಲ ಹಗಲು ಕಾದು ರಾತ್ರಿಯೆಲ್ಲ ಬಿಸಿ ಬಿಡುತ್ತಿರುತ್ತವೆ. 2023ರ ಜುಲೈನಲ್ಲಿ ಎಷ್ಟೋ ರಾತ್ರಿ ಉಷ್ಣಾಂಶ 32 ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲೇ ಇಲ್ಲ.

ಹಾಗಾದರೆ ಇಲ್ಲಿ ಬೆಳೆಯುವುದೇ ಬೇಡವೇ? ಬೆಳೆಯಬಹುದು, ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ಬೆಳೆಯಬಹುದು. ಮಿನೆಸೋಟದಲ್ಲಿ ಇರುವ ನಿಮ್ಮ ನೆಂಟರಿಗೆ ಈ ಭಾಗ್ಯ ಇಲ್ಲ. ಅವರಿಗೆ ಚಳಿಗಾಲ ಹೇಗೆ ಬಾಗಿಲು ಹಾಕಿ ಕೂರುವ ಕಾಲವೋ, ನಮಗೆ ಜೂನ್ ಜುಲೈ ಹಾಗೆ. ಇದೊಂದನ್ನು ಒಪ್ಪಿಕೊಂಡರೆ ಅರ್ಧ ಕಲಿತಂತೆ.

ನಮ್ಮ ಹಿತ್ತಿಲಿನ ಹೊಸ ವರ್ಷ ಸೆಪ್ಟೆಂಬರ್ ಕೊನೆಗೆ ಶುರುವಾಗುತ್ತದೆ. ನವರಾತ್ರಿ, ದೀಪಾವಳಿ ಅಂತ ನೆನಪಿಟ್ಟುಕೊಳ್ಳಿ. ರಾತ್ರಿ ಕಿಟಕಿ ತೆಗೆದು ಮಲಗಬಹುದು ಅನ್ನಿಸುವ ವಾರ ಬರುತ್ತದಲ್ಲ, ಅದೇ ಬಿತ್ತನೆ ವಾರ. ಕೊತ್ತಂಬರಿ, ಮೆಂತ್ಯ, ಸಬ್ಬಸಿಗೆ, ಪಾಲಕ್, ಮೂಲಂಗಿ, ಕ್ಯಾರೆಟ್, ಬೀಟ್‌ರೂಟ್, ನವಿಲುಕೋಸು, ಬಟಾಣಿ ಎಲ್ಲ ಆಗ ಹಾಕಬೇಕು. ಎಲೆಕೋಸು, ಹೂಕೋಸಿನ ಸಸಿ ನೆಡಬೇಕು. ಬೆಳ್ಳುಳ್ಳಿ ಎಸಳು ಅಕ್ಟೋಬರ್‌ನಲ್ಲಿ ಊರಿದರೆ ಮೇ ಹೊತ್ತಿಗೆ ಕೀಳಬಹುದು. ಈರುಳ್ಳಿಗೆ ಮಾತ್ರ ಒಂದು ಎಚ್ಚರ. ಉತ್ತರದ ರಾಜ್ಯಗಳಲ್ಲಿ ಬೆಳೆಯುವ ತಳಿಗಳಿಗೆ ಗೆಡ್ಡೆ ಕಟ್ಟಲು ಬಹಳ ಉದ್ದದ ಹಗಲು ಬೇಕು, ಅಷ್ಟು ಉದ್ದದ ಹಗಲು ನಮಗೆ ಸಿಗುವುದಿಲ್ಲ. ಅಂಗಡಿಯಲ್ಲಿ ‘ಶಾರ್ಟ್ ಡೇ’ ತಳಿ ಎಂದು ಕೇಳಿ ತಗೊಳ್ಳಿ.

ಡಿಸೆಂಬರ್ ಮಧ್ಯದಿಂದ ಫೆಬ್ರವರಿ ಮಧ್ಯದವರೆಗೆ ಕೆಲವು ರಾತ್ರಿ ಇಬ್ಬನಿ ಹೆಪ್ಪುಗಟ್ಟಬಹುದು. ಮೇಲೆ ಹೇಳಿದ ಸೊಪ್ಪು, ಗೆಡ್ಡೆಗಳಿಗೆ ಅದರಿಂದ ಏನೂ ಆಗುವುದಿಲ್ಲ. ಬದನೆ, ಬಸಳೆ, ನುಗ್ಗೆ, ಕರಿಬೇವಿಗೆ ಹಳೆಯ ಬೆಡ್‌ಶೀಟ್ ಹೊದಿಸಿ. ಪ್ಲಾಸ್ಟಿಕ್ ಬೇಡ, ಅದು ತಗುಲಿದ ಕಡೆ ಎಲೆ ಸುಡುತ್ತದೆ.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಊರಿಂದ ಅಪ್ಪ ಅಮ್ಮನನ್ನು ಮಕ್ಕಳ ರಜೆ ನೋಡಿಕೊಂಡು ಮೇ ತಿಂಗಳಲ್ಲಿ ಕರೆಸಿಕೊಳ್ಳುತ್ತೇವೆ. ಜೀವನವಿಡೀ ಹೊಲ ಮನೆ ನೋಡಿಕೊಂಡ ಜನ. ಇಲ್ಲಿಗೆ ಬಂದು ಎಸಿ ರೂಮಿನಲ್ಲಿ ಕೂತು ಕಿಟಕಿಯಿಂದ ಕಾದ ಜಲ್ಲಿ ನೋಡಬೇಕು. ಆದರೆ ಅಕ್ಟೋಬರ್‌ನಲ್ಲಿ ಕರೆಸಿಕೊಳ್ಳಿ. ಬೆಳಗ್ಗೆ ಸಂಜೆ ಹಿತ್ತಿಲಲ್ಲಿ ಇರಬಹುದು, ಮೆಂತ್ಯ ಸೊಪ್ಪು ಬಿಡಿಸಬಹುದು, ಮಾರ್ಚ್‌ವರೆಗೆ ಅವರಿಗೆ ಕೈತುಂಬ ಕೆಲಸ ಇರುತ್ತದೆ. ಈ ಸಭೆಯಲ್ಲಿ ಹಾಗೆ ಮಾಡಿದವರು ಇದ್ದಾರೆ, ಅವರನ್ನೇ ಕೇಳಿ ನೋಡಿ.

ಎರಡನೆಯ ಹಂಗಾಮು ಫೆಬ್ರವರಿ ಮಧ್ಯದಿಂದ. ಇದು ಚಿಕ್ಕದು, ಓಡುವ ಹಂಗಾಮು. ಟೊಮೇಟೊ ಇದರ ಮುಖ್ಯ ಬೆಳೆ, ಎಲ್ಲರೂ ಎಡವುವುದೂ ಇಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಟೊಮೇಟೊ ಗಿಡ ಬಿಸಿಲು ತಡೆಯುತ್ತದೆ, ಅದರ ಹೂವು ತಡೆಯುವುದಿಲ್ಲ. ಹಗಲು 35 ಸೆಲ್ಸಿಯಸ್ ದಾಟಿ, ರಾತ್ರಿ 24ಕ್ಕಿಂತ ಕೆಳಗೆ ಬಾರದಿದ್ದರೆ ಪರಾಗ ಕೆಟ್ಟುಹೋಗುತ್ತದೆ, ಹೂವು ಒಣಗಿ ಉದುರುತ್ತದೆ. ಗಿಡ ಹಸಿರಾಗಿ ಎದೆಮಟ್ಟ ಬೆಳೆದಿರುತ್ತದೆ, ಕಾಯಿ ಮಾತ್ರ ಇಲ್ಲ. ಆಗ ಜನ ಗೊಬ್ಬರ ಕಮ್ಮಿಯಾಯಿತು ಅಂದುಕೊಂಡು ಇನ್ನಷ್ಟು ಹಾಕುತ್ತಾರೆ. ಗೊಬ್ಬರದಿಂದ ಇದು ಸರಿಹೋಗುವುದಿಲ್ಲ. ನಮ್ಮಲ್ಲಿ ಆ ಬಿಸಿ ಮೇ ತಿಂಗಳಲ್ಲೇ ಬಂದುಬಿಡುತ್ತದೆ. ಲೆಕ್ಕ ಹಾಕಿ. ಮೇ ಮಧ್ಯದ ಒಳಗೆ ಕಾಯಿ ಕಟ್ಟಬೇಕು ಅಂದರೆ ಫೆಬ್ರವರಿ ಕೊನೆಗೆ ಅಥವಾ ಮಾರ್ಚ್ ಮೊದಲಿಗೆ ಬಲಿತ ಸಸಿ ನೆಲದಲ್ಲಿರಬೇಕು. ಫೆಬ್ರವರಿಗೆ ಸಸಿ ಬೇಕು ಅಂದರೆ ಡಿಸೆಂಬರ್ ಕೊನೆಗೇ ಮನೆಯೊಳಗೆ, ಕಿಟಕಿಯ ಹತ್ತಿರ, ಬೀಜ ಮೊಳೆಸಬೇಕು. ಕ್ರಿಸ್‌ಮಸ್ ರಜೆಯಲ್ಲಿ ಮಕ್ಕಳ ಕೈಯಲ್ಲಿ ಮಾಡಿಸಬಹುದಾದ ಕೆಲಸ. ತಳಿಯೂ ಬೇಗ ಬರುವಂಥದ್ದೇ ಇರಲಿ, ನಾಟಿ ಮಾಡಿ 60-70 ದಿನಕ್ಕೆ ಹಣ್ಣು ಕೊಡುವಂಥದ್ದು. ದೊಡ್ಡ ದೊಡ್ಡ ಹಣ್ಣಿನ ತಳಿಗಳು ನೋಡಲು ಚೆಂದ, ಆದರೆ ಅವು ಹಣ್ಣಾಗುವ ಹೊತ್ತಿಗೆ ನಮ್ಮ ಹಂಗಾಮು ಮುಗಿದಿರುತ್ತದೆ. ಚೆರ್ರಿ ಟೊಮೇಟೊ ಎಲ್ಲಕ್ಕಿಂತ ಗಟ್ಟಿ, ಜೂನ್‌ನಲ್ಲೂ ಒಂದಿಷ್ಟು ದಿನ ಕೊಡುತ್ತದೆ. ಜುಲೈಗೆ ಗಿಡ ಕಿತ್ತು ಹಾಕಲೇಬೇಕು ಅಂತಿಲ್ಲ. ನೆರಳು ಬಲೆಯ ಕೆಳಗೆ ಜೀವ ಹಿಡಿದಿದ್ದರೆ ಆಗಸ್ಟ್ ಕೊನೆಗೆ ಸ್ವಲ್ಪ ಕತ್ತರಿಸಿ ಬಿಡಿ. ರಾತ್ರಿ ತಂಪಾದ ಕೂಡಲೇ ಮತ್ತೆ ಹೂ ಬಿಡುತ್ತದೆ.

ಮೂರನೆಯದು ಬೇಸಿಗೆಯ ಬೆಳೆಗಳು. ಇಲ್ಲಿ ನಮಗೆ ಒಂದು ಅನುಕೂಲ ಇದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಬೇಸಿಗೆ ತೋಟ ಅಂದರೆ ಏನು ಹಾಕುವುದು ಎಂದು ತೋಚುವುದಿಲ್ಲ, ಯಾಕೆಂದರೆ ಅವರ ಅಡುಗೆಗೆ ಬೇಕಾದದ್ದು ಹೆಚ್ಚಾಗಿ ತಂಪಿನ ತರಕಾರಿ. ನಮ್ಮ ಅಡುಗೆಗೆ ಬೇಕಾದ ಬೆಂಡೆ, ಅಲಸಂದೆ, ಬಸಳೆ, ದಂಟಿನ ಸೊಪ್ಪು, ಪುಂಡಿ, ಗೆಣಸು, ಬದನೆ, ಇವೆಲ್ಲ ಬಿಸಿಲಿನ ಮಕ್ಕಳು. ಮಾರ್ಚ್ ಏಪ್ರಿಲ್‌ನಲ್ಲಿ ಬಿತ್ತಿ, ಬೇರು ಆಳಕ್ಕೆ ಇಳಿಯಲು ಎರಡು ತಿಂಗಳು ಕೊಟ್ಟರೆ, ಬೆಂಡೆ ಜುಲೈನಲ್ಲೂ ಕಾಯಿ ಕೊಡುತ್ತದೆ. ಬದನೆ, ಮೆಣಸಿನಕಾಯಿ ಜೂನ್‌ನಲ್ಲಿ ಸುಮ್ನೆ ನಿಂತಿರುತ್ತವೆ, ಸೆಪ್ಟೆಂಬರ್‌ನಲ್ಲಿ ಮತ್ತೆ ಶುರು ಮಾಡುತ್ತವೆ. ಸೌತೆಯ ಬದಲು ಇಲ್ಲಿಯವರು ಅರ್ಮೇನಿಯನ್ ಸೌತೆ ಎಂದು ಕರೆಯುವ ಉದ್ದನೆಯ ಕಾಯಿ ಹಾಕಿ. ಅದು ನಿಜಕ್ಕೂ ಕರಬೂಜದ ಜಾತಿ, ರುಚಿ ಮಾತ್ರ ಸೌತೆಯದ್ದೇ. ಕೋಸಂಬರಿಗೆ ಚೆನ್ನಾಗಿರುತ್ತದೆ, ಬಿಸಿಗೆ ಕಹಿಯಾಗುವುದಿಲ್ಲ.

ಇದನ್ನೆಲ್ಲ ನಾನು ಹೇಳುತ್ತಿದ್ದೇನೆ ಅಂತ ಬರೆದುಕೊಳ್ಳುವುದು ಬೇಡ. ಅರಿಜೋನಾ ವಿಶ್ವವಿದ್ಯಾಲಯದ ಕೋಆಪರೇಟಿವ್ ಎಕ್ಸ್‌ಟೆನ್ಷನ್ ಅಂತ ಇದೆ. ನಮ್ಮ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಘಟಕ ಇದ್ದಂತೆ. ಅವರು ಫೀನಿಕ್ಸ್ ಇರುವ ಮಾರಿಕೋಪಾ ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಗೆ ಅಂತಲೇ ತರಕಾರಿ ಬಿತ್ತನೆಯ ತಿಂಗಳ ಪಟ್ಟಿ ಮಾಡಿ ಪುಕ್ಕಟೆ ಕೊಡುತ್ತಾರೆ. ಪ್ರಿಂಟ್ ತೆಗೆದು ಫ್ರಿಜ್ ಮೇಲೆ ಅಂಟಿಸಿ. ಗೊತ್ತಾಗದಿದ್ದರೆ ಅವರ ಮಾಸ್ಟರ್ ಗಾರ್ಡನರ್‌ಗಳನ್ನು, ಅಂದರೆ ತರಬೇತಿ ಪಡೆದ ಸ್ವಯಂಸೇವಕರನ್ನು ಕೇಳಿ, ಸಮಾಧಾನವಾಗಿ ಉತ್ತರ ಕೊಡುತ್ತಾರೆ.

ತಿಂಗಳಿನ ಮಾತು ಮುಗಿಯುವ ಮೊದಲು, ಈ ನೆಲದ ಹಳೆಯ ಒಕ್ಕಲಿನವರ ಬಗ್ಗೆ ಹೇಳಲೇಬೇಕು. ನಮ್ಮ ದಕ್ಷಿಣಕ್ಕೆ ಟೊಹೊನೊ ಓಧಮ್ ಜನ ಇದ್ದಾರೆ. ಅವರಿಗೆ ಹೊಸ ವರ್ಷ ಬರುವುದು ಬೇಸಿಗೆಯಲ್ಲಿ, ಸವಾರೊ ಕಳ್ಳಿಯ ಹಣ್ಣು ಕೊಯ್ಯುವಾಗ. ಹಣ್ಣು ಕೊಯ್ದ ಹಿಂದೆಯೇ ಮಳೆ ಬರಬೇಕು. ನಾವು ಮಾನ್ಸೂನ್ ಎಂದಾಗ ಇಲ್ಲಿಯವರೂ ಮಾನ್ಸೂನ್ ಎನ್ನುತ್ತಾರೆ, ಜೂನ್ 15ರಿಂದ ಸೆಪ್ಟೆಂಬರ್ 30ರವರೆಗೆ ಅಂತ ಹವಾಮಾನ ಇಲಾಖೆ ಲೆಕ್ಕ ಇಟ್ಟಿದೆ. ಆ ಮಳೆ ಧೋ ಎಂದು ಒಂದು ಗಂಟೆ ಸುರಿದು ಹೋಗುತ್ತದೆ. ಹಳ್ಳದ ನೀರು ಹರಡಿಕೊಳ್ಳುವ ಬಾಯಿಯಲ್ಲಿ ಅವರು ಹೊಲ ಮಾಡಿ, ಒಂದೆರಡು ಪ್ರವಾಹದ ತೇವದಲ್ಲೇ ಬೆಳೆ ತೆಗೆಯುತ್ತಿದ್ದರು. ಅವರ ಟೆಪರಿ ಎಂಬ ಚಿಕ್ಕ ಕಾಳು ಇದೆ, ನಮ್ಮ ಹುರಳಿಕಾಯಿಯ ಹತ್ತಿರದ ನೆಂಟ. ಅದಕ್ಕೆ ನೀರು ಜಾಸ್ತಿಯಾದರೆ ಬರೀ ಎಲೆ ಬಿಡುತ್ತದೆ, ನೆಲ ಒಣಗತೊಡಗಿದಾಗ ಕಾಯಿ ಕಟ್ಟುತ್ತದೆ. ನೀರು ಕಮ್ಮಿ ಇರುವ ಊರಿಗೆ ಇದಕ್ಕಿಂತ ಒಳ್ಳೆಯ ಕಾಳು ಯಾವುದಿದೆ ಹೇಳಿ. ಟೂಸಾನ್‌ನಲ್ಲಿ ನೇಟಿವ್ ಸೀಡ್ಸ್ ಸರ್ಚ್ ಎಂಬ ಸಂಸ್ಥೆ 1983ರಿಂದ ಇಂಥ ಬೀಜಗಳನ್ನು ಕಾಪಾಡಿಕೊಂಡು ಬಂದಿದೆ, ಮಾರುತ್ತದೆ ಕೂಡ. ನಮ್ಮ ಬೀಜಗಳ ಜೊತೆ ಈ ನೆಲದ ಬೀಜ ಒಂದನ್ನಾದರೂ ಬೆಳೆಯಬೇಕು ಅನ್ನುವುದು ನನ್ನ ಆಸೆ.

ಇನ್ನು ಫೀನಿಕ್ಸ್ ಎಂಬ ಹೆಸರು. ಈ ಕಣಿವೆಯಲ್ಲಿ ಹೊಹೊಕಾಮ್ ಎಂದು ಕರೆಯುವ ಜನ ಸುಮಾರು ಸಾವಿರ ವರ್ಷ ಸಾಲ್ಟ್ ನದಿಯಿಂದ ಕಾಲುವೆ ತೋಡಿ ಮೆಕ್ಕೆಜೋಳ, ಹತ್ತಿ ಬೆಳೆದಿದ್ದರು. ಲೋಹದ ಸಲಿಕೆ ಇಲ್ಲ, ಭಾರ ಎಳೆಯುವ ಎತ್ತು ಇಲ್ಲ. ಮರದ, ಕಲ್ಲಿನ ಸಲಕರಣೆಯಲ್ಲೇ ನೂರಾರು ಮೈಲಿ ಕಾಲುವೆ. 15ನೇ ಶತಮಾನದ ಹೊತ್ತಿಗೆ ಆ ಊರುಗಳು ಬರಿದಾದವು. 1867ರಲ್ಲಿ ಜ್ಯಾಕ್ ಸ್ವಿಲ್ಲಿಂಗ್ ಎಂಬುವನು ಕಾಲುವೆ ಕಂಪನಿ ಕಟ್ಟಿದಾಗ ಹಳೆಯ ಕಾಲುವೆಗಳ ಗುರುತು ಇನ್ನೂ ಇತ್ತು, ಅದನ್ನೇ ಹಿಡಿದು ಹೊಸ ಕಾಲುವೆ ತೆಗೆದರು. ಫೀನಿಕ್ಸ್ ಅಂದರೆ ತನ್ನ ಬೂದಿಯಿಂದಲೇ ಮತ್ತೆ ಹುಟ್ಟುವ ಕಥೆಯ ಹಕ್ಕಿ; ಹಳೆಯ ನಾಡಿನ ಬೂದಿಯಿಂದ ಎದ್ದ ಊರು ಅಂತ ಈ ಹೆಸರು ಬಂತು. ಪಕ್ಕದ ಮೇಸಾ ಊರಿನ ಪಾರ್ಕ್ ಆಫ್ ದ ಕೆನಾಲ್ಸ್‌ನಲ್ಲಿ ಆ ಕಾಲುವೆಗಳ ಅಚ್ಚು ಈಗಲೂ ಕಾಣುತ್ತದೆ. ಮಕ್ಕಳನ್ನು ಕರೆದುಕೊಂಡು ಹೋಗಿ, ಚಳಿಗಾಲದ ಒಂದು ಬೆಳಗ್ಗೆ ಸಾಕು.

ಈಗ ನಾವು ಕುಡಿಯುವ, ಗಿಡಕ್ಕೆ ಹಾಕುವ ನೀರಿನಲ್ಲಿ ಒಂದು ಪಾಲು ಆ ಸಾಲ್ಟ್ ನದಿಯದ್ದು. ಇನ್ನೊಂದು ಪಾಲು ಕೊಲರಾಡೊ ನದಿಯಿಂದ 336 ಮೈಲಿ ಉದ್ದದ ಕಾಲುವೆ ವ್ಯವಸ್ಥೆಯಲ್ಲಿ, ಗುಡ್ಡ ಹತ್ತಿಸಿ ತಂದದ್ದು. 2021ರಲ್ಲಿ ಆ ನದಿಗೆ ಮೊದಲ ಬಾರಿ ಅಧಿಕೃತವಾಗಿ ಕೊರತೆ ಘೋಷಿಸಿದರು. ನಲ್ಲಿ ತಿರುಗಿಸಿದಾಗಲೆಲ್ಲ ಇದು ನೆನಪಿರಲಿ. ಮರುಭೂಮಿಯಲ್ಲಿ ತೋಟ ಮಾಡುವವರಿಗೆ ನೀರು ಪೋಲು ಮಾಡುವ ಹಕ್ಕು ಇಲ್ಲ. ಆ ಮಾತನ್ನು ನಾನು ಗಟ್ಟಿಯಾಗಿಯೇ ಹೇಳುತ್ತೇನೆ. ಅದೃಷ್ಟಕ್ಕೆ, ನೀರು ಉಳಿಸುವ ದಾರಿಯೂ ಗಿಡ ಉಳಿಸುವ ದಾರಿಯೂ ಒಂದೇ. ಆಳವಾಗಿ, ಅಪರೂಪಕ್ಕೆ ಹಾಕಬೇಕು.

ದಿನಾ ಸಂಜೆ ಪೈಪು ಹಿಡಿದು ಹತ್ತು ನಿಮಿಷ ಚಿಮುಕಿಸುವುದು ಮನಸ್ಸಿಗೆ ಹಿತ. ಗಿಡಕ್ಕೆ ಅದು ಎರಡು ರೀತಿ ಕೆಡುಕು. ನೀರು ಮೇಲಿನ ಎರಡು ಇಂಚಿನಲ್ಲೇ ನಿಲ್ಲುತ್ತದೆ, ಬೇರೂ ಅಲ್ಲೇ ನಿಲ್ಲುತ್ತದೆ, ಜೂನ್‌ನಲ್ಲಿ ಆ ಎರಡು ಇಂಚು ಮಧ್ಯಾಹ್ನಕ್ಕೆ ಕಾದುಹೋಗುತ್ತದೆ. ಎರಡನೆಯದು ಉಪ್ಪು. ಕೊಲರಾಡೊ ನೀರಿನಲ್ಲಿ, ಸಾವಿರ ಲೀಟರಿಗೆ ಅರ್ಧ ಕಿಲೋಗಿಂತ ಜಾಸ್ತಿ ಕರಗಿದ ಲವಣ ಇರುತ್ತದೆ. ನೀರು ಆವಿಯಾಗುತ್ತದೆ, ಲವಣ ಉಳಿಯುತ್ತದೆ. ಎಲೆಯ ಅಂಚು ಕಂದಾಗಿ ಸುಟ್ಟಂತೆ ಆಗುವುದನ್ನು ನೋಡಿರುತ್ತೀರಿ, ಮಲ್ಲಿಗೆಯಲ್ಲಿ, ದಾಸವಾಳದಲ್ಲಿ. ಬಹಳ ಸಲ ಅದು ಬಿಸಿಲಿನ ಕೆಲಸ ಅಲ್ಲ, ಉಪ್ಪಿನ ಕೆಲಸ. ನೀರು ಆಳಕ್ಕೆ ಇಳಿದರೆ ಆ ಉಪ್ಪನ್ನೂ ಬೇರಿನ ಕೆಳಗೆ ತಳ್ಳಿಕೊಂಡು ಹೋಗುತ್ತದೆ.

ಎಷ್ಟು ಆಳ? ಇಲ್ಲಿಯ ತೋಟಗಾರರು ಒಂದು, ಎರಡು, ಮೂರು ಅನ್ನುತ್ತಾರೆ. ತರಕಾರಿ, ಹೂವಿನಂಥ ಚಿಕ್ಕ ಗಿಡಕ್ಕೆ ಒಂದು ಅಡಿ, ಪೊದೆಗೆ ಎರಡು, ಮರಕ್ಕೆ ಮೂರು. ಅಳೆಯಲು ಯಂತ್ರ ಬೇಡ. ಉದ್ದನೆಯ ಕಬ್ಬಿಣದ ಸರಳು ತಗೊಳ್ಳಿ, ನೀರು ಹಾಕಿದ ಒಂದು ಗಂಟೆಯ ಮೇಲೆ ನೆಲಕ್ಕೆ ಚುಚ್ಚಿ. ಒದ್ದೆ ಇರುವವರೆಗೆ ಸರಾಗವಾಗಿ ಇಳಿಯುತ್ತದೆ, ಒಣಮಣ್ಣು ಸಿಕ್ಕ ಕಡೆ ನಿಲ್ಲುತ್ತದೆ. ಚಳಿಗಾಲದಲ್ಲಿ ಒಂದು ಅಡಿ ತೇವ ವಾರಗಟ್ಟಲೆ ಇರಬಹುದು, ಜೂನ್‌ನಲ್ಲಿ ಎರಡು ದಿನಕ್ಕೇ ಹೋಗಬಹುದು. ಗಡಿಯಾರ ನೋಡಿ ನೀರು ಹಾಕಬೇಡಿ, ನೆಲ ನೋಡಿ ಹಾಕಿ. ಈಗ ತಾನೇ ಬಿತ್ತಿದ ಬೀಜಕ್ಕೆ ಮಾತ್ರ ಈ ನಿಯಮ ಇಲ್ಲ, ಮೊಳಕೆ ಬರುವವರೆಗೆ ಮೇಲ್ಮಣ್ಣು ಒಣಗಬಾರದು. ಇನ್ನೊಂದು, ಬೇಸಿಗೆಯಲ್ಲಿ ಬಿಸಿಲಿಗೆ ಬಿದ್ದ ಪೈಪಿನೊಳಗಿನ ನೀರು ಮೈ ಸುಡುವಷ್ಟು ಕಾದಿರುತ್ತದೆ. ಚಿಕ್ಕ ಮಕ್ಕಳಿಗೆ ಸುಟ್ಟ ಗಾಯ ಆಗಿದ್ದೂ ಇದೆ. ಮೊದಲ ನೀರನ್ನು ಬಕೆಟ್ಟಿಗೆ ಬಿಟ್ಟು, ತಣ್ಣಗಾದ ಮೇಲೆ ಬಳಸಿ.

ಮುಂದಿನ ಸಾಲಿನಿಂದ ಒಬ್ಬರು ಮಡಕೆ ಹೂಳುವುದರ ಬಗ್ಗೆ ಕೇಳುತ್ತಿದ್ದಾರೆ. ಒಳ್ಳೆಯ ಉಪಾಯ. ಇಲ್ಲಿ ಅದಕ್ಕೆ ಓಯಾ ಎನ್ನುತ್ತಾರೆ. ಹೊಳಪು ಬಳಿಯದ ಮಣ್ಣಿನ ಮಡಕೆಯನ್ನು ಕುತ್ತಿಗೆವರೆಗೆ ಹೂಳಿ, ನೀರು ತುಂಬಿ, ಮುಚ್ಚಳ ಹಾಕಿ. ಸುತ್ತಲಿನ ಮಣ್ಣು ಒಣಗಿದಷ್ಟೂ ನೀರು ಜಿನುಗುತ್ತದೆ. ಮುಚ್ಚಳ ಮರೆಯಬೇಡಿ, ಸೊಳ್ಳೆ ಮೊಟ್ಟೆ ಇಡುತ್ತದೆ. ಸಣ್ಣ ಪಾತಿಗೆ ಚೆನ್ನಾಗಿ ನಡೆಯುತ್ತದೆ, ಮರಕ್ಕೆ ಸಾಲದು.

ಈಗ ಮಣ್ಣು. ಚಾಂಡ್ಲರ್, ಗಿಲ್ಬರ್ಟ್ ಕಡೆ ಹೊಸ ಮನೆ ತಗೊಂಡವರು ಗುದ್ದಲಿ ಹಾಕಿದರೆ ಟಣ್ ಎಂದು ಸದ್ದು ಬರುತ್ತದೆ. ಅದು ಕಲೀಚಿ. ಸಾವಿರಾರು ವರ್ಷ ಅಲ್ಪಸ್ವಲ್ಪ ಮಳೆ ಬಿದ್ದು, ಮಣ್ಣಿನ ಸುಣ್ಣ ಕರಗಿ ಸ್ವಲ್ಪ ಕೆಳಗೆ ಇಳಿದು ಅಲ್ಲೇ ಗಟ್ಟಿಯಾದ ಪದರ. ಮಳೆ ಜಾಸ್ತಿ ಇರುವ ಕಡೆ ಆ ಸುಣ್ಣ ತೊಳೆದುಹೋಗುತ್ತದೆ, ಇಲ್ಲಿ ಹೋಗುವುದಿಲ್ಲ. ನೆಡುವ ಮೊದಲು ಒಂದು ಅಡಿ ಗುಂಡಿ ತೆಗೆದು ಎರಡು ಸಲ ನೀರು ತುಂಬಿ ನೋಡಿ. ಎರಡನೆಯ ಸಲದ ನೀರು ಬೆಳಗಾದರೂ ನಿಂತಿದ್ದರೆ ಹಾರೆ ಹಿಡಿದು ಆ ಪದರ ಒಡೆಯಬೇಕು, ಅಥವಾ ಬೇರೆ ಜಾಗ ನೋಡಬೇಕು.

ಸುಣ್ಣದ ಮಾತು ಬಂತಲ್ಲ, ಮಲೆನಾಡು, ಕರಾವಳಿ ಕಡೆಯವರು ದಯವಿಟ್ಟು ಕೇಳಿ. ನಿಮ್ಮ ಮನೆಗಳಲ್ಲಿ ತೆಂಗಿನ ಬುಡಕ್ಕೆ, ಬಸಳೆ ಬುಡಕ್ಕೆ ಬೂದಿ ಹಾಕುವುದು ರೂಢಿ, ಅಲ್ವಾ. ಅಲ್ಲಿಯ ಮಣ್ಣು ಹುಳಿ, ಬೂದಿ ಅದನ್ನು ಸರಿ ಮಾಡುತ್ತದೆ. ಇಲ್ಲಿಯ ಮಣ್ಣು ಕ್ಷಾರ, ಪಿಎಚ್ ಸಾಮಾನ್ಯವಾಗಿ ಎಂಟರ ಆಸುಪಾಸು ಇರುತ್ತದೆ. ಇದಕ್ಕೆ ಬೂದಿ, ಸುಣ್ಣ ಎರಡೂ ಬೇಡ. ಈ ಕ್ಷಾರದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಗಿಡದ ಬಾಯಿಗೆ ಸಿಗುವುದಿಲ್ಲ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರು ಉಳಿದರೆ ಅದೇ ಕಾರಣ. ಕರಿಬೇವಿನಲ್ಲಿ ಎಲ್ಲಕ್ಕಿಂತ ಮೊದಲು ಕಾಣುತ್ತದೆ. ಚೀಲೇಟೆಡ್ ಕಬ್ಬಿಣ ಅಂತ ಸಿಗುತ್ತದೆ, ಅದರಲ್ಲೂ ಇಡಿಡಿಎಚ್‌ಎ ಎಂದು ಬರೆದಿರುವುದನ್ನೇ ತಗೊಳ್ಳಿ, ಬೇರೆ ಬಗೆಯವು ಇಷ್ಟು ಕ್ಷಾರದಲ್ಲಿ ಹೆಚ್ಚು ದಿನ ಕೆಲಸ ಮಾಡುವುದಿಲ್ಲ. ಪ್ರತಿ ಸೆಪ್ಟೆಂಬರ್‌ನಲ್ಲಿ ಕಾಂಪೋಸ್ಟ್ ಸೇರಿಸಬೇಕು, ಪ್ರತಿ ವರ್ಷವೂ, ಯಾಕೆಂದರೆ ಈ ಬಿಸಿಗೆ ಸಾವಯವ ಅಂಶ ಬೇಗ ಸವೆದುಹೋಗುತ್ತದೆ.

ಎಲ್ಲರೂ ಏರುಮಡಿ ಕಟ್ಟಿಸುತ್ತಾರೆ, ಮರದ ಪೆಟ್ಟಿಗೆ ಮಾಡಿ ಮಣ್ಣು ತುಂಬಿಸಿ. ಮಳೆ ಜಾಸ್ತಿ ಇರುವ ಊರಿಗೆ ಅದು ಸರಿ, ನೀರು ಬಸಿದು ಹೋಗಲಿ ಅಂತ. ನಮಗೆ ನೀರು ನಿಲ್ಲಬೇಕು. ಪೆಟ್ಟಿಗೆಯ ನಾಲ್ಕೂ ಬದಿ ಬಿಸಿಲಿಗೆ ಕಾಯುತ್ತದೆ. ಕಲೀಚಿ ಒಡೆಯಲು ಆಗದೇ ಇದ್ದವರಿಗೆ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ಉಳಿದವರು ತಗ್ಗಿನ ಪಾತಿ ಮಾಡಿ, ನೆಲಕ್ಕಿಂತ ನಾಲ್ಕಾರು ಇಂಚು ಕೆಳಗೆ, ಸುತ್ತ ಮಣ್ಣಿನ ಬದು. ನ್ಯೂ ಮೆಕ್ಸಿಕೊದ ಜೂನಿ ಜನ ಹೀಗೆ ಚೌಕ ಚೌಕ ಪಾತಿ ಮಾಡಿಯೇ ತರಕಾರಿ ಬೆಳೆಯುತ್ತಿದ್ದರು. ಊರಿನಲ್ಲಿ ನಮಗೆ ಪಾತಿ ಮಾಡುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಗೆಯುವಾಗ ಒಂದು ಆರೋಗ್ಯದ ಎಚ್ಚರಿಕೆ. ಈ ಕಡೆಯ ಒಣಮಣ್ಣಿನಲ್ಲಿ ಒಂದು ಬಗೆಯ ಶಿಲೀಂಧ್ರ ಇದೆ. ಧೂಳಿನ ಜೊತೆ ಉಸಿರಾಡಿದರೆ ವ್ಯಾಲಿ ಫೀವರ್ ಬರುತ್ತದೆ. ಬಹಳ ಜನರಿಗೆ ಏನೂ ಆಗುವುದಿಲ್ಲ, ಕೆಲವರಿಗೆ ವಾರಗಟ್ಟಲೆ ಕೆಮ್ಮು, ಜ್ವರ, ವಿಪರೀತ ಸುಸ್ತು. ಗರ್ಭಿಣಿಯರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ಅಪಾಯ ಜಾಸ್ತಿ. ಹಿಂದಿನ ದಿನವೇ ನೆಲ ನೆನೆಸಿ ಅಗೆಯಿರಿ, ಮಾಸ್ಕ್ ಹಾಕಿ, ಗಾಳಿಯ ದಿನ ಬೇಡ. ಕೆಮ್ಮು ಬಿಡದಿದ್ದರೆ ಡಾಕ್ಟರ್‌ಗೆ ತೋಟದ ಕೆಲಸ ಮಾಡಿದ್ದೆ ಅಂತ ಹೇಳಿ. ಚೇಳೂ ಇವೆ, ಕಲ್ಲು ಎತ್ತುವಾಗ ಗ್ಲೌಸ್ ಇರಲಿ.

ನೆರಳಿನ ವಿಷಯ. ಸಂಪೂರ್ಣ ಬಿಸಿಲು ಬೇಕು ಎಂದು ಪೊಟ್ಟಣದಲ್ಲಿ ಬರೆದಿದ್ದರೆ, ಇಲ್ಲಿ ಮಧ್ಯಾಹ್ನದವರೆಗಿನ ಬಿಸಿಲು ಸಾಕು ಎಂದು ಓದಿಕೊಳ್ಳಿ. ಪಶ್ಚಿಮದ ಬಿಸಿಲು ತಡೆಯಿರಿ. ಶೇಡ್ ನೆಟ್ 30ರಿಂದ 50 ಪರ್ಸೆಂಟಿನದು ಸಾಕು, ಅದಕ್ಕಿಂತ ದಟ್ಟವಾದರೆ ತರಕಾರಿ ಗಿಡ ಬೆಳಕಿಲ್ಲದೆ ಸೊರಗುತ್ತದೆ. ಆದರೆ ನೆಟ್ ಅನ್ನುವುದು ಸದ್ಯದ ಉಪಾಯ. ಮರ ಬೇಕು. ಇಲ್ಲಿ ನಾನು ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ.

ಬಳ್ಳಾರಿ ಜಾಲಿ ಗೊತ್ತಲ್ಲ. ರಾಯಚೂರು, ಬಳ್ಳಾರಿ ಕಡೆಯವರಿಗೆ ಹೆಸರು ಕೇಳಿದರೇ ಸಿಟ್ಟು ಬರುತ್ತದೆ. ಕೆರೆ ಅಂಗಳ, ಹೊಲದ ಬದು ಎಲ್ಲ ನುಂಗಿದ ಮುಳ್ಳು. ಅದು ನಮ್ಮ ಗಿಡ ಅಲ್ಲ, ಅಮೆರಿಕ ಖಂಡದಿಂದ ತಂದದ್ದು. ಅದರ ಹತ್ತಿರದ ಬಂಧು ಇಲ್ಲಿಯ ಮೆಸ್ಕೀಟ್. ಇಲ್ಲಿ ಅದು ಈ ಮಣ್ಣಿನ ಮಗ, ಎಲ್ಲರಿಗೂ ಬೇಕಾದ ಮರ. ಸಿಹಿಯಾದ ಕಾಯಿ ಒಣಗಿಸಿ ಹಿಟ್ಟು ಮಾಡಿ ಓಧಮ್ ಜನ ತಲೆತಲಾಂತರದಿಂದ ತಿಂದಿದ್ದಾರೆ. ಬೇರಿನಲ್ಲಿ ಸಾರಜನಕ ಹಿಡಿದು ಮಣ್ಣಿಗೆ ಕೊಡುತ್ತದೆ. ಅದರ ಚಿಕ್ಕ ಚಿಕ್ಕ ಎಲೆಯ ತೆಳು ನೆರಳಿನಲ್ಲಿ ಮೆಣಸಿನ ಗಿಡ, ಕರಿಬೇವು ಬಹಳ ಚೆನ್ನಾಗಿ ಬರುತ್ತವೆ. ಊರಿನ ಸಿಟ್ಟನ್ನು ಅದರ ಮೇಲೆ ತೀರಿಸಿಕೊಳ್ಳಬೇಡಿ. ಮನೆಯ ಪಶ್ಚಿಮಕ್ಕೆ ಒಂದು ಹಾಕಿ, ಅಕ್ಟೋಬರ್‌ನಲ್ಲಿ. ನುಗ್ಗೆಯೂ ಇಲ್ಲಿ ರಾಕೆಟ್ಟಿನಂತೆ ಬೆಳೆಯುತ್ತದೆ. ಜನವರಿಯ ಚಳಿಗೆ ಸತ್ತಂತೆ ಕಂಡರೂ ಬುಡದಿಂದ ಮತ್ತೆ ಚಿಗುರುತ್ತದೆ, ಅವಸರಪಟ್ಟು ಕೀಳಬೇಡಿ.

ಜಲ್ಲಿಯ ಬಗ್ಗೆ ನನಗೆ ಬಲವಾದ ಅಭಿಪ್ರಾಯ ಇದೆ. ನೀರು ಉಳಿಸುತ್ತೇವೆ ಅಂತ ಇಡೀ ಹಿತ್ತಿಲಿಗೆ ಜಲ್ಲಿ ಸುರಿಸಿ, ಒಂದು ಗಿಡವನ್ನೂ ಇಡದೆ ಬಿಡುತ್ತಾರೆ. ಆ ಜಲ್ಲಿ ಹಗಲು ಕಾದು ರಾತ್ರಿ ನಿಮ್ಮ ಗೋಡೆಗೇ ಬಿಸಿ ಊದುತ್ತದೆ. ಗಿಡದ ಸುತ್ತ ಮರದ ಚಕ್ಕೆ ಹೊದಿಸಿ, ಮೂರು ನಾಲ್ಕು ಇಂಚು ದಪ್ಪ. ಮರ ಕಡಿಯುವ ಕೆಲಸದವರು ಎಷ್ಟೋ ಸಲ ಪುಕ್ಕಟೆ ಸುರಿದು ಹೋಗುತ್ತಾರೆ. ಕಾಂಡಕ್ಕೆ ತಾಗದಂತೆ ಸ್ವಲ್ಪ ಜಾಗ ಬಿಡಿ, ಮಣ್ಣಿಗೆ ಕಲಸಬೇಡಿ. ಇದೊಂದರಿಂದಲೇ ನೀರಿನ ಸರದಿ ಎಷ್ಟು ಹಿಂದಕ್ಕೆ ಹೋಗುತ್ತದೆ ಎಂದು ಸರಳು ಚುಚ್ಚಿ ನೀವೇ ನೋಡಿ.

ಕರಿಬೇವು ಎಲ್ಲಿ ಸಿಗುತ್ತದೆ ಅನ್ನುವುದು ಪ್ರತಿ ಸಲ ಬರುವ ಪ್ರಶ್ನೆ, ಈಗಲೂ ಎರಡು ಕಡೆಯಿಂದ ಬಂತು. ಕ್ಯಾಲಿಫೋರ್ನಿಯಾಕ್ಕೆ ಹೋದಾಗ ನೆಂಟರ ಮನೆಯಿಂದ ಸಸಿ ಕಾರಿನಲ್ಲಿ ಇಟ್ಟುಕೊಂಡು ಬರಬೇಡಿ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ರೋಗ ಹರಡುವ ಒಂದು ಸಣ್ಣ ಕೀಟಕ್ಕೆ ಕರಿಬೇವು ಬಹಳ ಇಷ್ಟ. ಆ ರೋಗ 2012ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡಿದೆ, ಅದಕ್ಕೇ ಗಿಡ ಸಾಗಿಸಲು ನಿರ್ಬಂಧ. ಪರವಾನಗಿ ಇರುವ ಇಲ್ಲಿಯ ನರ್ಸರಿಯಲ್ಲೇ ಕೊಳ್ಳಿ. ಊರಿನಿಂದ ಬೀಜ ತರುವುದಕ್ಕೂ ನಿಯಮ ಇದೆ, ವಿಮಾನ ನಿಲ್ದಾಣದಲ್ಲಿ ಮುಚ್ಚಿಡಬೇಡಿ, ಮೊದಲೇ ವಿಚಾರಿಸಿಕೊಳ್ಳಿ. ಈ ಕಣಿವೆಯ ನಿಂಬೆ ಮರಗಳು ನಮ್ಮ ಮಕ್ಕಳಿಗೂ ಬೇಕು.

ಕೊನೆಗೆ ಅವರೆ. ಅವರೆಕಾಯಿ ಇಲ್ಲದೆ ಡಿಸೆಂಬರ್ ಹೇಗೆ ಅನ್ನುವ ಬೆಂಗಳೂರು, ಮಾಗಡಿ ಕಡೆಯವರು ಇದ್ದೀರಿ. ಊರಿನ ಹಳೆಯ ಅವರೆ ತಳಿಗಳು ಹಗಲು ಚಿಕ್ಕದಾದ ಮೇಲೆಯೇ ಹೂ ಬಿಡುವುದು. ಏಪ್ರಿಲ್‌ನಲ್ಲಿ ಬಿತ್ತಿದರೆ ಬೇಸಿಗೆಯಿಡೀ ಬಳ್ಳಿ ಹಬ್ಬಿ ಗೋಡೆಗೆ ನೆರಳು ಕೊಡುತ್ತದೆ, ಅಕ್ಟೋಬರ್‌ನಲ್ಲಿ ಹೂವು. ಜುಲೈ ಕೊನೆಯ ಮಳೆಗೆ ಬಿತ್ತಿದರೂ ಅದೇ ಹೊತ್ತಿಗೆ ಹೂವು, ಬಳ್ಳಿ ಚಿಕ್ಕದು, ನೀರು ಕಮ್ಮಿ. ಹೆಪ್ಪುಗಟ್ಟುವ ರಾತ್ರಿ ಬರುವ ಮೊದಲು ಕಾಯಿ ಕಿತ್ತುಕೊಳ್ಳಬೇಕು. ಬೇಸಿಗೆ ದಾಟಿದ ಬಳ್ಳಿಗಳಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಯಿ ಬಿಟ್ಟ ಒಂದನ್ನು ತಿನ್ನದೆ ಬೀಜಕ್ಕೆ ಬಿಡಿ. ನಾಲ್ಕಾರು ವರ್ಷ ಹಾಗೆ ಆರಿಸಿಕೊಂಡು ಬಂದರೆ ಈ ಬಿಸಿಲಿಗೆ ಒಗ್ಗುವ ಅವರೆ ನಿಮ್ಮ ಕೈಯಲ್ಲಿರುತ್ತದೆ.

ಇಲ್ಲಿಯೇ ಬೆಳೆದ ಅವರೆ ಬೀಜವನ್ನೂ ಟೆಪರಿ ಕಾಳನ್ನೂ ಸಣ್ಣ ಲಕೋಟೆಗಳಲ್ಲಿ ತಂದಿದ್ದೇನೆ, ಮೇಜಿನ ಮೇಲಿದೆ. ಎರಡೂ ಮುಂದಿನ ಜುಲೈಗೆ, ಈಗ ಹಾಕಬೇಡಿ. ಪಕ್ಕದಲ್ಲಿರುವ ದೊಡ್ಡ ಪೊಟ್ಟಣ ಮೆಂತ್ಯ ಮತ್ತು ಕೊತ್ತಂಬರಿ. ಕೊತ್ತಂಬರಿ ಕಾಳನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿ, ಒಂದು ರಾತ್ರಿ ನೆನೆಸಿ. ಅದನ್ನು ಈ ಸೆಪ್ಟೆಂಬರ್ ತಿಂಗಳ ಕೊನೆಯ ವಾರ ಹಾಕಬಹುದು. ಈ ಶನಿವಾರ ಪಾತಿ ಅಗೆದು ಕಾಂಪೋಸ್ಟ್ ಸೇರಿಸಿ, ನೀರು ಕಟ್ಟಿ ಬಿಟ್ಟಿರಿ.